ಸಹಾಯ ಬೇಕು: ಗೋಧಿ ಹಿಟ್ಟು, ಬೆಲ್ಲದ ಸ್ಟ್ರಾಬೆರಿ ಪೈ ತಳ ಹಸಿಯಾಗುತ್ತಿದೆ

ನಮಸ್ಕಾರ. ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಮಹಾಬಳೇಶ್ವರದ ಸ್ಟ್ರಾಬೆರಿ ಈಗ ಎಲ್ಲಾ ಗಾಡಿಗಳಲ್ಲೂ ಇದೆ. ಮಗಳ ಹುಟ್ಟುಹಬ್ಬಕ್ಕೆ ಪೈ (ಹಿಟ್ಟಿನ ತಳದ ಮೇಲೆ ಹಣ್ಣು ತುಂಬಿ ಬೇಯಿಸುವ ತಿಂಡಿ) ಮಾಡಬೇಕು, ಆದರೆ ಮೈದಾ, ಸಕ್ಕರೆ ಬೇಡ. (ಬೆಲ್ಲವೂ ಸಕ್ಕರೆ ಜಾತಿಯೇ ಅಂತ ಗೊತ್ತು. ಕೊಲ್ಹಾಪುರದ ಬೆಲ್ಲದ ರುಚಿ ನಮಗೆ ಇಷ್ಟ, ಅಷ್ಟೇ.)

ಒಂದೂವರೆ ಕಪ್ ಗೋಧಿ ಹಿಟ್ಟಿಗೆ ಅರ್ಧ ಕಪ್ ಜೋಳದ ಹಿಟ್ಟು ಸೇರಿಸುತ್ತೇನೆ. ಜೋಳದಲ್ಲಿ ಗ್ಲುಟೆನ್ (ಹಿಟ್ಟಿಗೆ ಜಿಗುಟು ಕೊಡುವ ಅಂಶ) ಇಲ್ಲವಲ್ಲ, ಅದಕ್ಕೇ ಪೈ ಬಿರುಸಾಗುವುದಿಲ್ಲ. ಬೆಣ್ಣೆ ಬದಲು ಫ್ರಿಜ್‌ನಲ್ಲಿಟ್ಟು ಗಟ್ಟಿಯಾದ ತುಪ್ಪ. ಐಸ್ ನೀರು ಚಿಮುಕಿಸಿ, ಜಾಸ್ತಿ ನಾದದೆ, ಕಣಕವನ್ನು ಅರ್ಧ ಗಂಟೆ ತಣ್ಣಗಿಡುತ್ತೇನೆ. ಅಂಚು ನಾನ್‌ಖಟಾಯಿ ಥರ ಪುಡಿಪುಡಿಯಾಗಿ ಚೆನ್ನಾಗಿಯೇ ಬರುತ್ತದೆ.

ತೊಂದರೆ ಇರುವುದು ತಳದಲ್ಲಿ. ಬೆಲ್ಲ ಬಿದ್ದ ಕೂಡಲೇ ಹಣ್ಣು ನೀರು ಬಿಡುತ್ತದೆ. ಕತ್ತರಿಸಿದರೆ ಕೆಂಪು ರಸ ತಟ್ಟೆಗೆ ಹರಿದು, ಕೆಳಗಿನ ಪದರ ಚಾಕುವಿಗೇ ಮೆತ್ತಿಕೊಳ್ಳುತ್ತದೆ. ಸುಮ್ನೆ ಚಮಚದಲ್ಲಿ ತಿಂದು ಮುಗಿಸುತ್ತೇವೆ!

ಹಣ್ಣು, ಬೆಲ್ಲವನ್ನು ಮೊದಲೇ ಕುದಿಸಿ ರಸ ಗಟ್ಟಿ ಮಾಡಿಕೊಳ್ಳಬೇಕಾ? ಹಾಗೆ ಮಾಡಿದರೆ ಹಣ್ಣಿನ ತುಂಡೇ ಉಳಿಯದೆ ಜಾಮ್ ಆಗುತ್ತದಲ್ವಾ? ರಸ ಗಟ್ಟಿಯಾಗಲು ಕಾರ್ನ್‌ಫ್ಲೋರ್ ಬದಲು ಸಾಬುದಾಣೆ ಪುಡಿ ಹಾಕಿದವರಿದ್ದರೆ ಅಳತೆ ಹೇಳಿ. ತಳವನ್ನು ಮೊದಲೇ ಬೇಯಿಸುವಾಗ ಮೇಲೆ ಒಣ ರಾಜ್ಮಾ ಹರವುತ್ತಾರಲ್ಲ, ಗೋಧಿ ಹಿಟ್ಟಿಗೆ 180 ಡಿಗ್ರಿಯಲ್ಲಿ ಎಷ್ಟು ಹೊತ್ತು ಬೇಕು? ನನ್ನದು ಚಿಕ್ಕ ಓಟಿಜಿ (ಕರೆಂಟ್ ಓವನ್), ಕೆಳಗಿನ ರಾಡ್ ಸ್ವಲ್ಪ ನಿಧಾನ.

ಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಹುಟ್ಟುಹಬ್ಬ ಭಾನುವಾರ. ಅದಕ್ಕೂ ಮೊದಲೇ ಯಾರಾದರೂ ಹೇಳಿದರೆ ದೊಡ್ಡ ಉಪಕಾರ.