ಅಪ್‌ಡೇಟ್: ಎಕೋಸ್ ಆಫ್ ದಿ ಐ ಕೊನೆಗೂ ಆಡಿ ಮುಗಿಸಿದೆ

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, ಔಟರ್ ವೈಲ್ಡ್ಸ್ ಅನ್ನೋ ಬಾಹ್ಯಾಕಾಶ ಅನ್ವೇಷಣೆಯ ವಿಡಿಯೋ ಗೇಮ್ ಮುಗಿಸಿದವರು 2021ರಲ್ಲಿ ಬಂದ ಅದರ ಈ ವಿಸ್ತರಣೆಗೆ ದುಡ್ಡು ಹಾಕಬಹುದಾ ಅಂತ. ಖಂಡಿತ ಹಾಕಬಹುದು. ನಿನ್ನೆ ರಾತ್ರಿ ಕಥೆ ಮುಗಿದ ಮೇಲೂ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ಕೆಲಸಕ್ಕೆ ಬಂದ ಸಲಹೆ: ಹಳೆಯ ಸೇವ್‌ನಲ್ಲೇ ಆಟದೊಳಗಿನ ಊರಿನ ಮ್ಯೂಸಿಯಂಗೆ ಹೋಗಿ, ಉಪಗ್ರಹ ತೆಗೆದ ಚಿತ್ರಗಳ ಹೊಸ ಪ್ರದರ್ಶನ ನೋಡಿ ಅಂದಿದ್ರಿ. ದಾರಿ ಅಲ್ಲಿಂದಲೇ ಸಿಕ್ತು. ಹೊಸದಾಗಿ ಶುರು ಮಾಡು ಅನ್ನೋ ಸಲಹೆಯ ಅಗತ್ಯವೇ ಬೀಳಲಿಲ್ಲ. ಹೆಡ್‌ಫೋನ್ ಹಾಕಿ ಕತ್ತಲಲ್ಲಿ ಆಡು ಅಂದಿದ್ದು ಮಾತ್ರ ನನಗೆ ಆಗಿಬರಲಿಲ್ಲ. ಕೊನೆಯ ಭಾಗದಲ್ಲಿ ನಿಜಕ್ಕೂ ಹೆದರಿಕೆ ಆಗುತ್ತೆ. ಸೆಟ್ಟಿಂಗ್ಸ್‌ನಲ್ಲಿ ಭಯ ಕಡಿಮೆ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿಕೊಂಡೇ ಮುಂದೆ ಹೋದೆ.

ನಾನು ನಿರೀಕ್ಷಿಸದೇ ಇದ್ದದ್ದು ಅಂದರೆ ಇಲ್ಲಿ ಓದೋಕೆ ಹೆಚ್ಚೇನೂ ಇಲ್ಲ. ಮೂಲ ಆಟದಲ್ಲಿ ಗೋಡೆಬರಹ ಅನುವಾದಿಸ್ತಾ ಹೋಗ್ತೀವಿ, ಇಲ್ಲಿ ಸ್ಲೈಡ್ ರೀಲ್ ಹಾಕಿ ಚಿತ್ರಗಳನ್ನೇ ನೋಡಬೇಕು. ಮಾತೇ ಇಲ್ಲದೆ ಒಂದು ಜನಾಂಗದ ದುಃಖ ಅರ್ಥವಾಗುತ್ತೆ. ಇನ್ನು ಆ ನದಿ! ಟಾರ್ಚ್ ಬೆಳಕು ಹಾಯಿಸಿದರೆ ತೆಪ್ಪ ಹೊರಡುತ್ತೆ, ತಲೆಯೆತ್ತಿದರೆ ಅದೇ ನದಿ ಉಂಗುರದ ಹಾಗೆ ಬಾಗಿ ನೆತ್ತಿಯ ಮೇಲೂ ಹರಿಯುತ್ತಿರುತ್ತೆ. 22 ನಿಮಿಷಕ್ಕೊಮ್ಮೆ ಕಾಲ ಮತ್ತೆ ಮೊದಲಿಂದ ಶುರುವಾಗುವ ಲೂಪಿನ ನಡುವೆ ಅಣೆಕಟ್ಟು ಒಡೆದು ನೀರು ನುಗ್ಗಿದಾಗ ಎದೆ ಝಲ್ಲೆಂದಿತು.

ಮೂಲ ಆಟ ಮುಗಿಸಿದವರು ಇದನ್ನು ಮುಗಿಸಿದ ಮೇಲೆ ಆ ಅಂತ್ಯವನ್ನು ಇನ್ನೊಂದ್ಸಲ ಆಡಿ, ಅಲ್ಲೂ ಸ್ವಲ್ಪ ಸೇರಿಸಿದ್ದಾರೆ. ಏನು ಅಂತ ಹೇಳಲ್ಲ.