ಫರ್ಮ್‌ವೇರ್ ಅರ್ಧಕ್ಕೆ ನಿಂತ ರೂಟರ್: ಸೀರಿಯಲ್ ಕನ್ಸೋಲ್ ಮೂಲಕ ಎಬ್ಬಿಸುವುದು ಹೇಗೆ?

ತೋಟದ_ವೈಫೈ (ನಾಪೋಕ್ಲು):
ಟಿಪಿ-ಲಿಂಕ್ ಡಬ್ಲ್ಯುಆರ್1043ಎನ್‌ಡಿ, ವರ್ಷನ್ 2. ಫ್ಲ್ಯಾಶ್ (ಕರೆಂಟ್ ಹೋದರೂ ಅಳಿಯದ ಸಂಗ್ರಹ) 8 ಎಂಬಿ, ರ್‍ಯಾಮ್ 64 ಎಂಬಿ. ಮನೆಯಿಂದ ಕಾಫಿ ಕಣದ ಪಕ್ಕದ ಲೈನ್ ಮನೆಗಳಿಗೆ ನೆಟ್ ಕೊಡುತ್ತಿದ್ದದ್ದು ಇದೇ. ಫರ್ಮ್‌ವೇರ್ (ರೂಟರನ್ನು ನಡೆಸುವ ಒಳಗಿನ ತಂತ್ರಾಂಶ) ಹಾಕುತ್ತಿರುವಾಗ ಮಳೆಗೆ ಕರೆಂಟ್ ಹೋಯಿತು. ಈಗ ಪವರ್ ಕೊಟ್ಟರೆ ಎಲ್ಲ ಲೈಟೂ ಒಮ್ಮೆ ಹೊತ್ತಿ ಆರುತ್ತವೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ. ಪಿಂಗ್ ಇಲ್ಲ, ರೀಸೆಟ್ ಒತ್ತಿದರೂ ಬದಲಾವಣೆ ಇಲ್ಲ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ಇವೆ. ಬೋರ್ಡಿನ ಸೀರಿಯಲ್ ಕನ್ಸೋಲಿಗೆ (ಬೂಟ್ ಸಂದೇಶ ನೋಡಿ ಆಜ್ಞೆ ಕೊಡುವ ಪಿನ್‌ಗಳು) ಲ್ಯಾಪ್‌ಟಾಪ್ ಜೋಡಿಸಲು ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ತರಿಸಬೇಕು. ಯಾವುದನ್ನು ತರಿಸಲಿ? ಬೋರ್ಡಿನಲ್ಲಿ ಯಾವ ಪಿನ್ ಯಾವುದೆಂದು ತಿಳಿಯುವುದು ಹೇಗೆ? ಯು-ಬೂಟ್‌ನಲ್ಲಿ (ಪವರ್ ಕೊಟ್ಟಾಗ ಮೊದಲು ಓಡಿ ಫರ್ಮ್‌ವೇರ್ ಎಬ್ಬಿಸುವ ಬೂಟ್‌ಲೋಡರ್) ಏನೇನು ಕೊಡಬೇಕು?

ಗೋಣಿಕೊಪ್ಪ_ನೆಟ್:
ಡಬ್ಬ ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ ಸರ್. ಲೈಟುಗಳು ಹೀಗೆ ಮತ್ತೆ ಮತ್ತೆ ಹೊತ್ತುತ್ತಿವೆ ಎಂದರೆ ಬೂಟ್‌ಲೋಡರ್ ಬದುಕಿರುವ ಸಂಭವವೇ ಹೆಚ್ಚು. ಟಿಪಿ-ಲಿಂಕ್‌ನ ಹಲವು ಮಾಡೆಲ್‌ಗಳ ಯು-ಬೂಟ್, ರೀಸೆಟ್ ಒತ್ತಿ ಹಿಡಿದೇ ಪವರ್ ಕೊಟ್ಟಾಗ 192.168.0.66 ವಿಳಾಸದ ಟಿಎಫ್‌ಟಿಪಿ (ಫೈಲ್ ಕಳಿಸುವ ಸರಳ ವಿಧಾನ) ಸರ್ವರ್‌ನಲ್ಲಿ ಒಂದು ರಿಕವರಿ ಫೈಲ್ ಹುಡುಕುತ್ತದೆ. ಲ್ಯಾಪ್‌ಟಾಪಿಗೆ ಆ ವಿಳಾಸ ಕೊಟ್ಟು, ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿ, ವೈರ್‌ಶಾರ್ಕ್ (ಕೇಬಲ್‌ನಲ್ಲಿ ಹೋಗಿಬರುವ ಪ್ಯಾಕೆಟ್ ತೋರಿಸುವ ತಂತ್ರಾಂಶ) ತೆರೆದು ನೋಡುತ್ತಿರಿ. ರೂಟರ್ ಯಾವ ವಿಳಾಸವನ್ನು ಕೇಳುತ್ತಿದೆ, ಯಾವ ಹೆಸರಿನ ಫೈಲ್ ಬೇಕೆನ್ನುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ. ಹಳೆಯ ಯು-ಬೂಟ್‌ಗಳಲ್ಲಿ ಈ ಸೌಲಭ್ಯ ಇರುವುದಿಲ್ಲ. ಒಂದು ಪ್ಯಾಕೆಟ್ಟೂ ಕಾಣದಿದ್ದರೆ ಬಿಚ್ಚುವುದೇ ದಾರಿ.

ಮೂರು_ವೋಲ್ಟ್ (ಮಡಿಕೇರಿ):
ಅಡಾಪ್ಟರ್: ಸಿಪಿ2102, ಸಿಎಚ್340, ಎಫ್‌ಟಿ232 ಯಾವುದಾದರೂ ನಡೆಯುತ್ತದೆ. ಪಿಎಲ್2303 ಬೇಡ. ಅದರ ನಕಲಿ ಚಿಪ್‌ಗಳನ್ನು ವಿಂಡೋಸ್‌ನ ಹೊಸ ಡ್ರೈವರ್ ಒಪ್ಪುವುದಿಲ್ಲ. ಮಡಿಕೇರಿ, ಕುಶಾಲನಗರದ ಮೊಬೈಲ್ ಅಂಗಡಿಗಳಲ್ಲಿ ಇದು ಸಿಗುವ ಸಾಮಾನಲ್ಲ. ಮೈಸೂರಿಗೆ ಹೋಗುವವರಿದ್ದರೆ ತರಿಸಿ, ಇಲ್ಲವೇ ಬೆಂಗಳೂರಿನ ಎಸ್‌ಪಿ ರೋಡ್ ಅಥವಾ ಆನ್‌ಲೈನ್.

ಇಲ್ಲಿ ಗಮನಿಸಲೇಬೇಕಾದದ್ದು ವೋಲ್ಟೇಜ್. ಬೋರ್ಡಿನ ಸೀರಿಯಲ್ ಪಿನ್‌ಗಳು ನಡೆಯುವುದು 3.3 ವೋಲ್ಟ್‌ನಲ್ಲಿ. ಅಡಾಪ್ಟರಿನಲ್ಲಿ 5/3.3 ಜಂಪರ್ ಇದ್ದರೆ 3.3ಕ್ಕೆ ಹಾಕಿ, ಆಮೇಲೆ ಅದರ ಟಿಎಕ್ಸ್ (ಡೇಟಾ ಕಳಿಸುವ) ಪಿನ್ನನ್ನೇ ಮೀಟರ್‌ನಲ್ಲಿ ಅಳೆಯಿರಿ. ಕೆಲವು ಅಗ್ಗದ ಅಡಾಪ್ಟರುಗಳಲ್ಲಿ ಜಂಪರ್ ಬದಲಾಗುವುದು ವಿಸಿಸಿ (ಪವರ್) ಪಿನ್ನಿಗೆ ಮಾತ್ರ, ಟಿಎಕ್ಸ್ 5 ವೋಲ್ಟ್‌ನಲ್ಲೇ ಉಳಿದಿರುತ್ತದೆ. ಹಳೆ ಕಂಪ್ಯೂಟರಿನ 9 ಪಿನ್‌ನ ಸೀರಿಯಲ್ ಪೋರ್ಟನ್ನಂತೂ ನೇರವಾಗಿ ಕೊಡಲೇಬೇಡಿ. ಅದರಲ್ಲಿ ಋಣ ವೋಲ್ಟೇಜೂ ಇರುತ್ತದೆ, ಚಿಪ್ ಹೋಗುತ್ತದೆ.

ಪಿನ್ ಗುರುತಿಸಲು ಬೋರ್ಡಿನಲ್ಲಿ ಸಾಲಾಗಿ ಇರುವ 4 ತೂತು ಹುಡುಕಿ. ಪವರ್ ತೆಗೆದಿರುವಾಗ ಮೀಟರನ್ನು ಬೀಪ್‌ಗೆ ಇಟ್ಟು, ಒಂದು ಕಡ್ಡಿಯನ್ನು ಡಿಸಿ ಜ್ಯಾಕ್‌ನ ಹೊರಭಾಗಕ್ಕೆ ಮುಟ್ಟಿಸಿ. ಬೀಪ್ ಬಂದ ತೂತು ಗ್ರೌಂಡ್. ಈಗ ಪವರ್ ಕೊಟ್ಟು ಡಿಸಿ ವೋಲ್ಟ್‌ನಲ್ಲಿ ನೋಡಿ. ಅಲುಗಾಡದೆ 3.3 ತೋರಿಸುವುದು ವಿಸಿಸಿ. ಆನ್ ಮಾಡಿದ ಮೊದಲ ಕೆಲವು ಸೆಕೆಂಡ್ 3.3ರಿಂದ ಕೆಳಗೆ ಏರಿಳಿದು ಆಮೇಲೆ ಸ್ಥಿರವಾಗುವುದು ಟಿಎಕ್ಸ್. ಅಕ್ಷರಗಳು ಹೊರಬರುವಾಗ ಸರಾಸರಿ ವೋಲ್ಟೇಜ್ ಇಳಿಯುವುದೇ ಇದಕ್ಕೆ ಕಾರಣ. ಉಳಿದದ್ದು ಆರ್‌ಎಕ್ಸ್ (ಡೇಟಾ ಪಡೆಯುವ ಪಿನ್).

ಗ್ರೌಂಡಿಗೆ ಗ್ರೌಂಡ್, ಬೋರ್ಡಿನ ಟಿಎಕ್ಸ್ ಅಡಾಪ್ಟರಿನ ಆರ್‌ಎಕ್ಸ್‌ಗೆ, ಬೋರ್ಡಿನ ಆರ್‌ಎಕ್ಸ್ ಅಡಾಪ್ಟರಿನ ಟಿಎಕ್ಸ್‌ಗೆ. ವಿಸಿಸಿಗೆ ಏನನ್ನೂ ಕೊಡಬೇಡಿ. ರೂಟರ್ ತನ್ನ ಪವರ್ ಅಡಾಪ್ಟರಿನಿಂದಲೇ ನಡೆಯಲಿ.

ಬೆಸುಗೆ_ಕಡ್ಡಿ (ಕುಶಾಲನಗರ):
ಬೆಸುಗೆ ಬಗ್ಗೆ ಎರಡು ಮಾತು. ಈ ತೂತುಗಳು ಸಾಮಾನ್ಯವಾಗಿ ಸೀಸವಿಲ್ಲದ ಬೆಸುಗೆಯಿಂದ ಮುಚ್ಚಿರುತ್ತವೆ, ಅದು ಬೇಗ ಕರಗುವುದಿಲ್ಲ. ಮೇಲೆ ಸ್ವಲ್ಪ 60/40 (ತವರ-ಸೀಸ) ಬೆಸುಗೆ ಸೇರಿಸಿ ಕರಗಿಸಿದರೆ ಎರಡೂ ಬೆರೆತು ಸುಲಭವಾಗಿ ಬೆಸುಗೆ ಹೀರುವ ಪಂಪ್‌ಗೆ ಬರುತ್ತದೆ. ಗ್ರೌಂಡ್ ತೂತು ಮಾತ್ರ ಹಟ ಮಾಡುತ್ತದೆ. ಅದರ ಸುತ್ತ ತಾಮ್ರದ ಹಾಸು ದೊಡ್ಡದು, ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. ಅಲ್ಲಿ ಒತ್ತಿ ಕೆದಕಿದರೆ ಪ್ಯಾಡ್ ಎದ್ದುಬರುತ್ತದೆ. ಗ್ರೌಂಡನ್ನು ಅಲ್ಲಿಂದಲೇ ತೆಗೆದುಕೊಳ್ಳಬೇಕೆಂದೂ ಇಲ್ಲ, ಲ್ಯಾನ್ ಪೋರ್ಟಿನ ಲೋಹದ ಕವಚ ಗ್ರೌಂಡಿಗೆ ಬೀಪ್ ಕೊಡುತ್ತಿದ್ದರೆ ಅಲ್ಲಿಗೇ ವೈರ್ ಹಾಕಿ.

ನಮ್ಮ ಕಡೆ ಮಳೆಗಾಲ ಕಳೆದ ಬೋರ್ಡುಗಳ ಮೇಲೆ ಬೂಷ್ಟು, ಹಸಿರು ಕಿಲುಬು ಇರುವುದುಂಟು. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಪವರ್ ಕೊಡಿ.

ಇನ್ನು ಕರೆಂಟ್. ಫ್ಲ್ಯಾಶ್‌ಗೆ ಬರೆಯುವ ಹೊತ್ತಿನಲ್ಲಿ ಇನ್ನೊಮ್ಮೆ ಹೋದರೆ ಕಷ್ಟ. ಮನೆಯ ಇನ್ವರ್ಟರ್ ಸಾಲದು, ಕೆಲವು ಇನ್ವರ್ಟರ್‌ಗಳು ಬ್ಯಾಟರಿಗೆ ಬದಲಾಗುವ ಕ್ಷಣದಲ್ಲೇ ರೂಟರ್ ರೀಸ್ಟಾರ್ಟ್ ಆಗುತ್ತದೆ. 12 ವೋಲ್ಟ್‌ನ ಮಿನಿ ಯುಪಿಎಸ್ ಇದ್ದರೆ ಅದರಿಂದ ಕೊಡಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿರಲಿ.

ಮೂರು_ವೋಲ್ಟ್ (ಮಡಿಕೇರಿ):
ಈಗ ಕನ್ಸೋಲ್. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆಯುತ್ತೇನೆ, ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಕೊಡಿ. ಯು-ಬೂಟ್ ಈ ಸಂಖ್ಯೆಗಳನ್ನೆಲ್ಲ ಹೆಕ್ಸ್ (16ರ ಆಧಾರದ ಎಣಿಕೆ) ಎಂದೇ ಓದುತ್ತದೆ.

ಲ್ಯಾಪ್‌ಟಾಪಿನ ಟರ್ಮಿನಲ್ ತಂತ್ರಾಂಶದಲ್ಲಿ (ವಿಂಡೋಸ್‌ನಲ್ಲಿ ಪುಟ್ಟಿ, ಲಿನಕ್ಸ್‌ನಲ್ಲಿ ಮಿನಿಕಾಮ್) ವೇಗ 115200, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್, ಫ್ಲೋ ಕಂಟ್ರೋಲ್ ಆಫ್. ಕೊನೆಯದನ್ನು ಮರೆಯಬೇಡಿ. ಮಿನಿಕಾಮ್‌ನಲ್ಲಿ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇದ್ದರೆ ರೂಟರಿನ ಮಾತು ಕಾಣುತ್ತದೆ, ನೀವು ಒತ್ತಿದ ಕೀ ಮಾತ್ರ ಹೋಗುವುದಿಲ್ಲ. ಜನ ಆರ್‌ಎಕ್ಸ್ ವೈರನ್ನು ದೂರುತ್ತಾ ಕೂರುತ್ತಾರೆ. ಪರದೆಯಲ್ಲಿ ಅರ್ಥವಿಲ್ಲದ ಚಿಹ್ನೆಗಳು ಬಂದರೆ ವೇಗ ತಪ್ಪು ಅಥವಾ ಗ್ರೌಂಡ್ ಸರಿಯಾಗಿ ಕೂತಿಲ್ಲ. (ಮೀಡಿಯಾಟೆಕ್ ಚಿಪ್‌ನ ಹಲವು ರೂಟರುಗಳಲ್ಲಿ ವೇಗ 57600. ನಿಮ್ಮದು ಕ್ವಾಲ್ಕಾಮ್ ಅಥೆರೋಸ್, 115200ವೇ.) ಅಡಾಪ್ಟರ್ ಜೋಡಿಸಿದಾಗ ಬೋರ್ಡ್ ಏಳದೇ ಹೋದರೆ ಆರ್‌ಎಕ್ಸ್ ವೈರ್ ಬಿಡಿಸಿ ಪವರ್ ಕೊಟ್ಟು, ಮೊದಲ ಸಾಲು ಬಂದ ಕೂಡಲೇ ಜೋಡಿಸಿ.

‘ಆಟೋಬೂಟಿಂಗ್ ಇನ್ 1 ಸೆಕೆಂಡ್ಸ್’ ಎಂಬ ಸಾಲು ಬರುತ್ತದೆ. ಆ ಒಂದು ಸೆಕೆಂಡಿನೊಳಗೆ ‘ಟಿಪಿಎಲ್’ ಎಂಬ ಮೂರಕ್ಷರ ಹೋಗಬೇಕು. ಕೈಯಲ್ಲಿ ಒತ್ತುವುದಕ್ಕಿಂತ ಅದನ್ನು ಕಾಪಿ ಮಾಡಿಟ್ಟುಕೊಂಡು ಪುಟ್ಟಿಯಲ್ಲಿ ಬಲ ಕ್ಲಿಕ್ ಮಾಡಿದರೆ ಖಚಿತವಾಗಿ ಹೋಗುತ್ತದೆ.

ಪ್ರಾಂಪ್ಟ್ ಸಿಕ್ಕಿದ ಮೇಲೆ ‘ಪ್ರಿಂಟ್‌ಎನ್ವಿ’ ಕೊಟ್ಟು ಐಪಿಎಡಿಡಿಆರ್ (ರೂಟರಿನ ವಿಳಾಸ), ಸರ್ವರ್‌ಐಪಿ (ಅದು ಫೈಲ್ ಕೇಳುವ ವಿಳಾಸ) ನೋಡಿಕೊಳ್ಳಿ. ಲ್ಯಾಪ್‌ಟಾಪಿಗೆ ಆ ಸರ್ವರ್‌ಐಪಿಯನ್ನೇ ಕೊಡಿ. ಫರ್ಮ್‌ವೇರ್ ಫೈಲಿಗೆ ‘ಕೋಡ್.ಬಿನ್’ ಎಂದು ಚಿಕ್ಕ ಹೆಸರಿಟ್ಟು ಟಿಎಫ್‌ಟಿಪಿ ಫೋಲ್ಡರಿಗೆ ಹಾಕಿ.

ಟಿಎಫ್‌ಟಿಪಿಬೂಟ್ 81000000 ಕೋಡ್.ಬಿನ್

ಇದು ರ್‍ಯಾಮ್‌ಗೆ ಮಾತ್ರ ಇಳಿಯುತ್ತದೆ, ಫ್ಲ್ಯಾಶ್ ಇನ್ನೂ ಮುಟ್ಟಿಲ್ಲ. ಕೊನೆಯಲ್ಲಿ ಬಂದ ಬೈಟ್‌ಗಳ ಲೆಕ್ಕ ತೋರಿಸುತ್ತದೆ: 8126464, ಹೆಕ್ಸ್‌ನಲ್ಲಿ 7ಸಿ0000. ಇದೇ ಸಂಖ್ಯೆ ಬರಬೇಕು. ಬರದಿದ್ದರೆ ಮುಂದಿನ ಸಾಲಿಗೆ ಹೋಗಬೇಡಿ, ಇಲ್ಲಿ ಬಂದು ಕೇಳಿ.

ಇರೇಸ್ 9ಎಫ್020000 +7ಸಿ0000
ಸಿಪಿ.ಬಿ 81000000 9ಎಫ್020000 7ಸಿ0000
ಬೂಟ್‌ಎಂ 9ಎಫ್020000

ಮೊದಲನೆಯದು ಫ್ಲ್ಯಾಶ್ ಅಳಿಸುತ್ತದೆ, ಎರಡನೆಯದು ರ್‍ಯಾಮ್‌ನಿಂದ ಅಲ್ಲಿಗೆ ನಕಲಿಸುತ್ತದೆ, ಮೂರನೆಯದು ಬೂಟ್ ಮಾಡುತ್ತದೆ. ಈ ಸಂಖ್ಯೆಗಳ ಅರ್ಥ ತಿಳಿದೇ ಒತ್ತಿ. ಫ್ಲ್ಯಾಶ್ 9ಎಫ್000000ದಿಂದ ಶುರು. ಮೊದಲ 20000 ಹೆಕ್ಸ್, ಅಂದರೆ 128 ಕೆಬಿ, ಯು-ಬೂಟ್‌ನ ಜಾಗ. ರೂಟರಿನ ಮ್ಯಾಕ್ ವಿಳಾಸ (ನೆಟ್‌ವರ್ಕಿನಲ್ಲಿ ಅದರ ಗುರುತಿನ ಸಂಖ್ಯೆ) ಇರುವುದೂ ಅದರೊಳಗೇ, 1ಎಫ್‌ಸಿ00ರಲ್ಲಿ. ಕಟ್ಟಕಡೆಯ 64 ಕೆಬಿ, 7ಎಫ್0000ದಿಂದ ಮುಂದೆ, ಎಆರ್‌ಟಿ ವಿಭಾಗ. ಕಾರ್ಖಾನೆಯಲ್ಲಿ ನಿಮ್ಮದೇ ಬೋರ್ಡಿನ ರೇಡಿಯೊಗೆ ಮಾಡಿದ ಹೊಂದಾಣಿಕೆ ಅಲ್ಲಿದೆ. ಫರ್ಮ್‌ವೇರ್ ಎಷ್ಟು ಸಲ ಬೇಕಾದರೂ ಬರೆಯಬಹುದು, ಆದರೆ ಎಆರ್‌ಟಿ ಅಳಿಸಿದರೆ ಅದು ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. 20000ಕ್ಕೆ 7ಸಿ0000 ಸೇರಿಸಿದರೆ 7ಇ0000, ಎರಡು ತುದಿಗಳಿಗೂ ಧಕ್ಕೆ ಇಲ್ಲ. ವಿಳಾಸದಲ್ಲಿ ಒಂದು ಸೊನ್ನೆ ಬಿಟ್ಟುಹೋದರೂ ಈ ಲೆಕ್ಕ ಕೆಡುತ್ತದೆ. ಎಂಟರ್ ಒತ್ತುವ ಮುಂಚೆ ಗಟ್ಟಿಯಾಗಿ ಓದಿಕೊಳ್ಳಿ.

ತೋಟದ_ವೈಫೈ (ನಾಪೋಕ್ಲು):
ತುಂಬಾ ಉಪಕಾರ ಸರ್. ವೈರ್‌ಶಾರ್ಕ್‌ನಲ್ಲಿ ಏನೂ ಕಾಣಲಿಲ್ಲ, ಹಾಗಾಗಿ ಬಿಚ್ಚಿದೆ. ಸಿಪಿ2102 ಜೋಡಿಸಿದ್ದೇನೆ, ಪ್ರಾಂಪ್ಟ್ ಸಿಕ್ಕಿದೆ. ಟಿಎಫ್‌ಟಿಪಿಬೂಟ್ ಕೊಟ್ಟರೆ ‘ಟಿ ಟಿ ಟಿ ಟಿ’ ಎಂದು ಸಾಲುಗಟ್ಟಿ ಬರುತ್ತಿದೆ, ಮುಂದೆ ಹೋಗುತ್ತಿಲ್ಲ. ಲ್ಯಾಪ್‌ಟಾಪ್ ವಿಂಡೋಸ್, ಟಿಎಫ್‌ಟಿಪಿಡಿ64 (ಟಿಎಫ್‌ಟಿಪಿ ಸರ್ವರ್ ತಂತ್ರಾಂಶ) ಓಡುತ್ತಿದೆ. ಇನ್ನೊಂದು: ಕಂಪನಿಯ ಫೈಲಿನ ಹೆಸರಿನಲ್ಲಿ ‘ಬೂಟ್’ ಎಂದಿದೆ, ಗಾತ್ರ 8258048. ಇದು ನಡೆಯುತ್ತದೆಯೇ?

ಗೋಣಿಕೊಪ್ಪ_ನೆಟ್:
ಪ್ರತಿ ‘ಟಿ’ ಎಂದರೆ ಒಂದು ಟೈಮ್‌ಔಟ್. ರೂಟರ್ ಕೇಳುತ್ತಿದೆ, ಉತ್ತರ ಬರುತ್ತಿಲ್ಲ. ಹೆಚ್ಚಾಗಿ ಇದು ವಿಂಡೋಸ್ ಫೈರ್‌ವಾಲ್ ಕೆಲಸ. ಗುರುತಿಲ್ಲದ ನೆಟ್‌ವರ್ಕನ್ನು ಅದು ಪಬ್ಲಿಕ್ ಎಂದು ಪರಿಗಣಿಸಿ ಯುಡಿಪಿ 69ನೇ ಪೋರ್ಟ್ ಮುಚ್ಚುತ್ತದೆ. ಆ ಹೊತ್ತಿಗೆ ಫೈರ್‌ವಾಲ್ ಆಫ್ ಮಾಡಿ, ವೈಫೈಯನ್ನೂ ಆಫ್ ಮಾಡಿ. ಟಿಎಫ್‌ಟಿಪಿಡಿ64ರಲ್ಲಿ ಸರ್ವರ್ ಇಂಟರ್‌ಫೇಸ್ ಆಗಿ ಕೇಬಲ್‌ನ ವಿಳಾಸವನ್ನೇ ಆರಿಸಿ. ರೂಟರ್ ರೀಸ್ಟಾರ್ಟ್ ಆದಾಗಲೆಲ್ಲ ಲಿಂಕ್ ಬಿದ್ದು ಲ್ಯಾಪ್‌ಟಾಪ್ ತನ್ನ ವಿಳಾಸ ಬಿಡುವುದೂ ಇದೆ. ನಡುವೆ ಒಂದು ಸಾದಾ 5 ಪೋರ್ಟ್ ಸ್ವಿಚ್ ಇಟ್ಟರೆ ಆ ತೊಂದರೆ ಇಲ್ಲ. ಆಗಲೂ ಬಾರದಿದ್ದರೆ ಲ್ಯಾನ್ ಪೋರ್ಟುಗಳನ್ನು ಒಂದೊಂದಾಗಿ, ಕೊನೆಗೆ ವ್ಯಾನ್ ಪೋರ್ಟನ್ನೂ ನೋಡಿ. ಸಿಡಿಲಿಗೆ ಒಂದು ಪೋರ್ಟ್ ಮಾತ್ರ ಸತ್ತಿರುವುದು ನಮ್ಮಲ್ಲಿ ಹೊಸತಲ್ಲ.

ಮೂರು_ವೋಲ್ಟ್ (ಮಡಿಕೇರಿ):
ಆ ಫೈಲನ್ನು ಹಾಗೇ ಬರೆಯಬೇಡಿ! 8258048ರಿಂದ 8126464 ಕಳೆಯಿರಿ: 131584. ಅಂದರೆ ಫೈಲಿನ ಮುಂಭಾಗದಲ್ಲಿ 512 ಬೈಟ್ ಹೆಡರ್, ಅದರ ಹಿಂದೆ 128 ಕೆಬಿಯ ಯು-ಬೂಟ್ ಸೇರಿಕೊಂಡಿದೆ. ವೆಬ್ ಪುಟದ ಮೂಲಕ ಹಾಕಿದರೆ ಕಂಪನಿಯ ಫರ್ಮ್‌ವೇರ್ ಅದನ್ನು ತಾನೇ ಬೇರ್ಪಡಿಸಿಕೊಳ್ಳುತ್ತದೆ. ಯು-ಬೂಟ್‌ನಲ್ಲಿ ಬೇರ್ಪಡಿಸುವವರಿಲ್ಲ. ಹಾಗೇ ಬರೆದರೆ ಕರ್ನಲ್ (ಫರ್ಮ್‌ವೇರಿನ ತಿರುಳು) ತನ್ನ ಜಾಗದಲ್ಲಿ ಇರದೆ ಬೂಟ್ ಆಗುವುದೇ ಇಲ್ಲ.

ಲಿನಕ್ಸ್‌ನಲ್ಲಿ ‘ಡಿಡಿ’ ಆಜ್ಞೆಗೆ ಬಿಎಸ್=512, ಸ್ಕಿಪ್=257 ಕೊಟ್ಟು ಮುಂಭಾಗ ಕತ್ತರಿಸಿ. 257 ಗುಣಿಸು 512 ಎಂದರೆ ಸರಿಯಾಗಿ 131584. ಹೊಸ ಫೈಲಿನ ಗಾತ್ರ 8126464 ಬಂದರೆ ಸರಿ. ರ್‍ಯಾಮ್‌ಗೆ ಇಳಿಸಿದ ಮೇಲೆ ‘ಎಂಡಿ 81000000’ ಕೊಟ್ಟು ನೋಡಿ. ಮೊದಲ ಸಾಲಿನಲ್ಲಿ 01000000, ಅದರ ಬಲಕ್ಕೆ ಕಂಪನಿಯ ಹೆಸರು ಓದಲು ಬರಬೇಕು. ಓಪನ್‌ಡಬ್ಲ್ಯುಆರ್‌ಟಿ (ರೂಟರುಗಳ ಮುಕ್ತ ಫರ್ಮ್‌ವೇರ್) ಹಾಕುವುದಾದರೆ ಈ ಕತ್ತರಿಸುವ ಕೆಲಸವಿಲ್ಲ, ಇದೇ ಮಾಡೆಲ್ ಇದೇ ವರ್ಷನ್‌ನ ಫ್ಯಾಕ್ಟರಿ ಇಮೇಜ್ ಸಾಕು. ನನ್ನ ಅಭಿಪ್ರಾಯದಲ್ಲಿ ಅದೇ ಒಳ್ಳೆಯದು. ಇಷ್ಟು ಹಳೆಯ ಯಂತ್ರಕ್ಕೆ ಭದ್ರತಾ ತಿದ್ದುಪಡಿ ಸಿಗುವುದು ಅಲ್ಲಿಂದ ಮಾತ್ರ.

ಬೆಸುಗೆ_ಕಡ್ಡಿ (ಕುಶಾಲನಗರ):
ಇದೇ ಪ್ರಶ್ನೆ ಹೊತ್ತು ಮುಂದೆ ಬರುವವರಿಗಾಗಿ: ವೈರಿಂಗ್ ಸರಿಯಿದ್ದು, ವೇಗ ಸರಿಯಿದ್ದು, ಪರದೆಯಲ್ಲಿ ಒಂದಕ್ಷರವೂ ಬಾರದಿದ್ದರೆ ಯು-ಬೂಟೇ ಹೋಗಿರಬಹುದು. ಆಗ ಸೀರಿಯಲ್‌ನಿಂದ ಉಪಯೋಗವಿಲ್ಲ. 8 ಕಾಲಿನ ಫ್ಲ್ಯಾಶ್ ಚಿಪ್ಪನ್ನು ಸಿಎಚ್341ಎ ಪ್ರೋಗ್ರಾಮರ್‌ನಿಂದ ನೇರ ಬರೆಯಬೇಕು. ಕಪ್ಪು ಬೋರ್ಡಿನ ಸಿಎಚ್341ಎ ಡೇಟಾ ಪಿನ್‌ಗಳಲ್ಲಿ 5 ವೋಲ್ಟ್ ಕೊಡುತ್ತದೆ, ಅದನ್ನು 3.3ಕ್ಕೆ ತಿದ್ದಿಕೊಂಡೇ ಬಳಸಿ. ಚಿಪ್ ಬೋರ್ಡಿನಲ್ಲಿರುವಾಗಲೇ ಕ್ಲಿಪ್ ಹಾಕಿದರೆ ಇಡೀ ಬೋರ್ಡ್ ಆ ಕರೆಂಟನ್ನು ಹೀರಲು ನೋಡುತ್ತದೆ, ಓದಿದ್ದು ತಪ್ಪಿರಬಹುದು. ಎರಡು ಸಲ ಓದಿ, ಎರಡೂ ಫೈಲ್ ಒಂದೇ ಇದ್ದರೆ ಮಾತ್ರ ನಂಬಿ. ಪ್ರತಿಯೊಂದೂ 8388608 ಬೈಟ್ ಇರಬೇಕು.

ತೋಟದ_ವೈಫೈ (ನಾಪೋಕ್ಲು):
ಫೈರ್‌ವಾಲೇ ಕಾರಣ. ಆಫ್ ಮಾಡಿದ ಕೂಡಲೇ ಹ್ಯಾಶ್ ಗುರುತುಗಳ ಸಾಲು ಬಂತು, 8126464 ಕೂಡ ತೋರಿಸಿತು. ಓಪನ್‌ಡಬ್ಲ್ಯುಆರ್‌ಟಿ ಫ್ಯಾಕ್ಟರಿ ಇಮೇಜ್ ಬರೆದೆ, ಬೂಟ್ ಆಗಿದೆ, ವೈಫೈ ಹೆಸರೂ ಕಾಣುತ್ತಿದೆ. ಎಆರ್‌ಟಿಯ ಪ್ರತಿ ತೆಗೆದಿಡುವುದು ಹೇಗೆ?

ಮೂರು_ವೋಲ್ಟ್ (ಮಡಿಕೇರಿ):
ಎಸ್‌ಎಸ್‌ಎಚ್ (ನೆಟ್‌ವರ್ಕಿನಿಂದಲೇ ಆಜ್ಞೆ ಕೊಡುವ ವಿಧಾನ) ಮೂಲಕ ಒಳಗೆ ಹೋಗಿ ‘ಕ್ಯಾಟ್ /ಪ್ರಾಕ್/ಎಂಟಿಡಿ’ ಕೊಡಿ. ಎಆರ್‌ಟಿ ಎಂಬ ಹೆಸರಿನ ಎದುರು ಯಾವ ಎಂಟಿಡಿ (ಫ್ಲ್ಯಾಶ್ ವಿಭಾಗದ) ಸಂಖ್ಯೆ ಇದೆಯೋ ಅದನ್ನು ‘ಡಿಡಿ’ಯಿಂದ ಟಿಎಂಪಿ ಫೋಲ್ಡರಿಗೆ ನಕಲಿಸಿ. ಗಾತ್ರ 65536 ಬರಬೇಕು. ಯು-ಬೂಟ್ ವಿಭಾಗವನ್ನೂ ಹಾಗೇ ತೆಗೆಯಿರಿ, ಅದು 131072. ಟಿಎಂಪಿ ಇರುವುದು ರ್‍ಯಾಮ್‌ನಲ್ಲಿ, ಆಫ್ ಮಾಡುವ ಮೊದಲೇ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಿ. ‘ಎಸ್‌ಸಿಪಿ’ (ಎಸ್‌ಎಸ್‌ಎಚ್ ಮೂಲಕ ಫೈಲ್ ನಕಲಿಸುವ ಆಜ್ಞೆ) ಕೊಟ್ಟಾಗ ಎಸ್‌ಎಫ್‌ಟಿಪಿ ಸರ್ವರ್ ಸಿಗಲಿಲ್ಲವೆಂದರೆ ಅಡ್ಡಗೆರೆಯ ಜೊತೆ ದೊಡ್ಡಕ್ಷರದ ‘ಓ’ ಸೇರಿಸಿ, ಹಳೆಯ ವಿಧಾನದಲ್ಲಿ ಫೈಲ್ ಬರುತ್ತದೆ. ಎರಡೂ ಫೈಲಿಗೆ ರೂಟರಿನ ಕೆಳಗಿನ ಚೀಟಿಯಲ್ಲಿರುವ ಮ್ಯಾಕ್ ವಿಳಾಸವನ್ನೇ ಹೆಸರಾಗಿ ಇಡಿ, ಮನೆಯಲ್ಲಿ ಇನ್ನೊಂದು ಇದೇ ಮಾಡೆಲ್ ಬಂದರೆ ಅದಲುಬದಲು ಆಗುವುದಿಲ್ಲ.