ಕಬ್ಬಿಣದ ಮಾತ್ರೆ ತಗೊಂಡರೆ ವಾಕರಿಕೆ, ಬಿಟ್ಟರೆ ರಕ್ತ ಕಡಿಮೆ. ನೀವೆಲ್ಲ ಏನು ಮಾಡಿದಿರಿ?

ನಮ್ಮದು ದಾವಣಗೆರೆ. ಮೊದಲನೇ ಬಸಿರು, ಈಗ ಐದು ತಿಂಗಳು. ಹೋದ ವಾರ ಹಿಮೋಗ್ಲೋಬಿನ್, ಅಂದರೆ ಎಚ್‌ಬಿ 9.2 ಬಂತು. ಬೆಳಿಗ್ಗೆ ಕಬ್ಬಿಣದ ಮಾತ್ರೆ ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳೆಸುತ್ತದೆ. ಮಲ ಕಪ್ಪಗೆ ಹೋಗುತ್ತದೆ, ನೋಡಿದರೆ ಭಯ ಆಗುತ್ತದೆ. ಅತ್ತೆ, "ಆ ಮಾತ್ರೆ ತಿಂದ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ, ಬಿಡು" ಅಂತಾರೆ. ಪರಿಚಯದವರೊಬ್ಬರು ಮೆಡಿಕಲ್ ಶಾಪಿನಿಂದ ಮಲ್ಟಿವಿಟಮಿನ್ ಡಬ್ಬಿ ಬೇರೆ ತಂದುಕೊಟ್ಟಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಹರಿಹರದಿಂದ, ಇಬ್ಬರು ಮಕ್ಕಳ ತಾಯಿ:

ತಂಗಿ, ಮಾತ್ರೆ ಮಾತ್ರ ಬಿಡಬೇಡ. ನಾನು ಬಿಟ್ಟು ಅನುಭವಿಸಿದ್ದೇನೆ. ಮೊದಲನೇ ಸಲ ಆಶಾ ಅಕ್ಕ ಪ್ರತಿ ತಿಂಗಳು ಮಾತ್ರೆ ಕೊಟ್ಟು ಹೋಗುತ್ತಿದ್ದರು. ಕೇಳಿದಾಗೆಲ್ಲ "ತಗೊಳ್ತಾ ಇದೀನಿ" ಅನ್ನುತ್ತಿದ್ದೆ. ಹೆರಿಗೆಗೆ ತವರಿಗೆ ಹೊರಟಾಗ ನಮ್ಮಮ್ಮ ಬೀರುವಿನಿಂದ ಸೀರೆ ತೆಗೆದರು. ಅದರ ಕೆಳಗಿಂದ ಕೆಂಪು ಮಾತ್ರೆಯ ಹನ್ನೊಂದು ಪಟ್ಟಿ ಸಿಕ್ಕವು, ಒಂದೂ ಒಡೆದಿರಲಿಲ್ಲ. ಅಮ್ಮ ಏನೂ ಬೈಯಲಿಲ್ಲ. ಪಟ್ಟಿಗಳನ್ನು ಮಂಚದ ಮೇಲೆ ಸಾಲಾಗಿ ಇಟ್ಟು ಸುಮ್ಮನೆ ಕೂತರು. ಆಗ ನನ್ನ ಎಚ್‌ಬಿ 7.6. ಹೆರಿಗೆ ಹೊತ್ತಿಗೆ ರಕ್ತ ಹೊಂದಿಸಲು ನಮ್ಮ ಯಜಮಾನರು ರಾತ್ರಿಯೆಲ್ಲ ಓಡಾಡಿದರು. ಮಗಳು ಹುಟ್ಟಿದ್ದು 2.1 ಕೆ.ಜಿ.

ಎರಡನೇ ಸಲವೂ ವಾಕರಿಕೆ ಇತ್ತು. ಆಶಾ ಅಕ್ಕ ಕೂತು ವಿಚಾರಿಸಿದಾಗ ಗೊತ್ತಾಯಿತು. ನಾನು ಖಾಲಿ ಹೊಟ್ಟೆಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಎರಡೂ ಒಟ್ಟಿಗೆ ನುಂಗಿ ಮೇಲೆ ಟೀ ಕುಡಿಯುತ್ತಿದ್ದೆ. ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಟೀನೂ ಹಾಗೇ. ಇಷ್ಟು ಕಷ್ಟಪಟ್ಟು ನುಂಗಿದ್ದು ಅರ್ಧಕ್ಕರ್ಧ ದಂಡ ಆಗುತ್ತಿತ್ತು ಅಲ್ವಾ? ಆಮೇಲೆ ಕ್ಯಾಲ್ಸಿಯಂ ಬೆಳಿಗ್ಗೆ ತಿಂಡಿ ಜೊತೆ ಒಂದು, ಮಧ್ಯಾಹ್ನ ಊಟದ ಜೊತೆ ಒಂದು ಮಾಡಿಕೊಂಡೆ. ಕಬ್ಬಿಣದ್ದು ರಾತ್ರಿ ಊಟ ಆಗಿ ಒಂದು ಗಂಟೆ ಬಿಟ್ಟು, ನಿಂಬೆಹಣ್ಣಿನ ನೀರಿನ ಜೊತೆ. ನುಂಗಿ ಮಲಗಿಬಿಟ್ಟರೆ ವಾಕರಿಕೆ ಗೊತ್ತೇ ಆಗುತ್ತಿರಲಿಲ್ಲ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ದಿನದ ಮನೆಗೆ ಮಗಳು ಕುಂಕುಮದ ಬೊಟ್ಟು ಇಡುತ್ತಿದ್ದಳು. ಒಂದು ದಿನ ಬೊಟ್ಟು ಇಲ್ಲದಿದ್ದರೆ ಅವಳೇ ಕೇಳುತ್ತಿದ್ದಳು. ಎರಡೂವರೆ ತಿಂಗಳಲ್ಲಿ 9.4 ಇದ್ದದ್ದು 10.9 ಆಯಿತು. ಮಗ 2.8 ಕೆ.ಜಿ. ಇದ್ದ. ಎಲ್ಲ ಮಾತ್ರೆಯಿಂದಲೇ ಅನ್ನುವುದಿಲ್ಲ. ಆ ಸಲ ಊಟವನ್ನೂ ಸರಿಯಾಗಿ ಮಾಡಿದ್ದೆ.

ಹೊಳಲ್ಕೆರೆ ಕಡೆಯಿಂದ, ಆಶಾ ಕಾರ್ಯಕರ್ತೆ:

ಮೇಡಂ, ಮಲ ಕಪ್ಪಗೆ ಹೋಗುವುದು ಕಬ್ಬಿಣದಿಂದ, ಹೆದರಬೇಡಿ. ಮಗು ದಪ್ಪ ಆಗುತ್ತದೆ ಅನ್ನುವ ಮಾತು ನನಗೂ ವಾರಕ್ಕೊಮ್ಮೆ ಕೇಳಿಸುತ್ತದೆ. ಅತ್ತೆಯವರಿಗೆ ಹೀಗೆ ಹೇಳಿ: ತಾಯಿಗೆ ರಕ್ತ ಕಡಿಮೆ ಇದ್ದರೆ ಮಗು ತೂಕ ಕಡಿಮೆ ಹುಟ್ಟಬಹುದು, ದಿನ ತುಂಬುವ ಮೊದಲೇ ಹುಟ್ಟಬಹುದು. ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಯಿ ತಡೆದುಕೊಳ್ಳದೆ ಹೋಗಬಹುದು. ಕಷ್ಟ ಅಂದರೆ ಅದು.

ನಾವು ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ಬಾಣಂತಿಯರು ಈ ಎರಡನೇ ಕಂತನ್ನು ಮರೆತೇಬಿಡುತ್ತಾರೆ. ಬಸುರಿಗೆ ಎಚ್‌ಬಿ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ನಿಮ್ಮಷ್ಟಿದ್ದರೆ ಡಾಕ್ಟರು ದಿನಕ್ಕೆ ಎರಡು ಮಾತ್ರೆ ಬರೆಯಬಹುದು. ನೀವಾಗಿ ಶುರು ಮಾಡಬೇಡಿ. ತಿಂಗಳು ಸರಿಯಾಗಿ ತಗೊಂಡರೂ ಒಂದು ಗ್ರಾಂ ಏರದಿದ್ದರೆ ಬೇರೆ ಕಾರಣ ಹುಡುಕಬೇಕು. ಮಾತ್ರೆ ಹೊಂದದವರಿಗೆ ಕಬ್ಬಿಣವನ್ನು ನರಕ್ಕೆ ಡ್ರಿಪ್ ಹಾಕಿ ಕೊಡುವ ದಾರಿಯೂ ಇದೆ. ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಹಿಡಿದು ಹೋಗಿ.

ಆ ಡಬ್ಬಿ ಒಡೆಯಬೇಡಿ, ಡಾಕ್ಟರಿಗೆ ತೋರಿಸಿ. ಕೆಲವು ಮಲ್ಟಿವಿಟಮಿನ್‌ನಲ್ಲಿ ವಿಟಮಿನ್ ಎ ಇರುತ್ತದೆ. ಬಸಿರಿನಲ್ಲಿ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ರೆಟಿನಾಲ್ ರೂಪದ ವಿಟಮಿನ್ ಎ ಜಾಸ್ತಿ ಆದರೆ ಮಗುವಿನ ಬೆಳವಣಿಗೆಗೇ ತೊಂದರೆ.

ಚಳ್ಳಕೆರೆಯಿಂದ, ಶಾಲಾ ಶಿಕ್ಷಕಿ:

ನಾವು ಸಸ್ಯಾಹಾರಿಗಳು. ಬಸಿರಿನಲ್ಲಿ ನನಗೆ ಹಾಲು, ಮೊಸರಿನ ವಾಸನೆಯೇ ಆಗುತ್ತಿರಲಿಲ್ಲ. ಕಬ್ಬಿಣದ ಮಾತ್ರೆ ಒಂದು ದಿನ ತಪ್ಪಿಸಲಿಲ್ಲ, ಆದರೂ ಎಚ್‌ಬಿ ಅಲ್ಲೇ ನಿಂತಿತ್ತು. ರಕ್ತ ಆಗಲು ಬೇಕಾದ ವಿಟಮಿನ್ ಬಿ12 ಎಷ್ಟಿದೆ ಅಂತ ಯಾರೂ ನೋಡಲಿಲ್ಲ. ಮಗು ಎದೆಹಾಲು ಕುಡಿದು ಚೆನ್ನಾಗೇ ಇತ್ತು. ಎಂಟನೇ ತಿಂಗಳಲ್ಲಿ ನಗುವುದು ಕಡಿಮೆ ಆಯಿತು. ಗಿಲಕಿ ಆಡಿಸಿದರೆ ಕಣ್ಣು ತಿರುಗಿಸುತ್ತಿರಲಿಲ್ಲ. ಕೂರುತ್ತಿದ್ದ ಮಗು ವಾಲತೊಡಗಿತು. ಮಕ್ಕಳ ಡಾಕ್ಟರು ಮೊದಲು ಕೇಳಿದ್ದೇ ನನ್ನ ಊಟದ ಬಗ್ಗೆ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಕಡಿಮೆ ಇರುತ್ತದಂತೆ. ಇಂಜೆಕ್ಷನ್ ಕೊಟ್ಟ ಮೇಲೆ ಮಗು ಮತ್ತೆ ಮುಖ ನೋಡಿ ನಕ್ಕ ದಿನ ನಾನು ಅತ್ತುಬಿಟ್ಟೆ. ನಮ್ಮ ಕಡೆ ಮೊಟ್ಟೆ, ಮಾಂಸ ತಿನ್ನದ ಮನೆ ಎಷ್ಟೊಂದಿವೆ. ಸೊಪ್ಪು, ಕಾಳು, ರಾಗಿಯಲ್ಲಿ ಬಿ12 ಸಿಗುವುದಿಲ್ಲ. ಈ ಸಲದ ಪರೀಕ್ಷೆಯಲ್ಲಿ ಬಿ12 ಕೂಡ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ.

ಹೊಳಲ್ಕೆರೆಯ ಆಶಾ ಮತ್ತೆ:

ಟೀಚರ್ ಹೇಳಿದ್ದು ತುಂಬಾ ಮುಖ್ಯ. ಇನ್ನೊಂದು ಮಾತು, ಇದು ನಿಮಗಲ್ಲ, ನಿಮ್ಮ ಮನೆಯಲ್ಲಿ ಮಗುವಿಗೆ ಯೋಚಿಸುತ್ತಿರುವ ನಾದಿನಿ, ತಂಗಿ ಇದ್ದರೆ ಅವರಿಗೆ. ಫೋಲಿಕ್ ಆಸಿಡ್ 400 ಮೈಕ್ರೋಗ್ರಾಂ ಬಸಿರಿಗೆ ಮೊದಲೇ ಶುರು ಆಗಬೇಕು. ಮಗುವಿನ ಮೆದುಳು, ಬೆನ್ನುಹುರಿಯ ಕೊಳವೆ ಮುಚ್ಚುವುದು ಗರ್ಭ ಕಟ್ಟಿದ ಮೊದಲ 28 ದಿನದೊಳಗೆ. ಮುಟ್ಟು ತಪ್ಪಿದ್ದು ಗೊತ್ತಾಗಿ ಆಸ್ಪತ್ರೆಗೆ ಬರುವಷ್ಟರಲ್ಲಿ ಆ ಕೆಲಸ ಮುಗಿದಿರುತ್ತದೆ.

ಮಗು ಹುಟ್ಟಿದ ಮೇಲೆ ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್, ಡಾಕ್ಟರು ಹೇಳಿದ ಹಾಗೆ. ಆರು ತಿಂಗಳಿಂದ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಎಂ.ಎಲ್. ಒಂಬತ್ತು ತಿಂಗಳಿಗೆ ದಡಾರದ ಚುಚ್ಚುಮದ್ದಿನ ಜೊತೆ ವಿಟಮಿನ್ ಎ ಮೊದಲ ಡೋಸ್, ಐದು ವರ್ಷದೊಳಗೆ ಒಟ್ಟು ಒಂಬತ್ತು. ಭೇದಿ ಆದರೆ ಓಆರ್‌ಎಸ್ ಜೊತೆ ಜಿಂಕ್ 14 ದಿನ ಪೂರ್ತಿ. ಭೇದಿ ನಿಂತಿತು ಅಂತ ಮೂರನೇ ದಿನಕ್ಕೆ ಬಿಡುವವರೇ ಜಾಸ್ತಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಕೂತು ಓದಿ ಹೇಳಿದೆ. ಬೀರುವಿನ ಮಾತು ಬಂದಾಗ ಅವರೇ, "ನಿನ್ನ ಮಾತ್ರೆ ಎಲ್ಲಿಟ್ಟಿದೀಯ, ತೋರಿಸು" ಅಂದರು. ನಿನ್ನೆ ರಾತ್ರಿ ತಗೊಂಡೆ, ವಾಂತಿ ಆಗಲಿಲ್ಲ. ಡಬ್ಬಿ ಹಾಗೇ ಇಟ್ಟಿದ್ದೇನೆ, ಸೋಮವಾರ ಡಾಕ್ಟರಿಗೆ ತೋರಿಸಿ ಬಿ12 ಕೇಳುತ್ತೇನೆ. ಒಂದು ಅನುಮಾನ. ರಾತ್ರಿ ಕೊನೆಗೆ ಮಜ್ಜಿಗೆ ಅನ್ನ ಇಲ್ಲದೆ ನನಗೆ ಊಟ ಮುಗಿಯುವುದಿಲ್ಲ. ಅದರಲ್ಲೂ ಕ್ಯಾಲ್ಸಿಯಂ ಇದೆಯಲ್ವಾ?

ಹರಿಹರದಿಂದ:

ಇದೆ ತಂಗಿ. ಮಜ್ಜಿಗೆ ಅನ್ನ ಮಧ್ಯಾಹ್ನಕ್ಕೆ ಹಾಕಿಕೋ, ರಾತ್ರಿ ಅನ್ನ, ಸಾರು ಉಣ್ಣು. ಬಿಡಲಾಗದ ದಿನ ಎರಡು ಗಂಟೆ ಕಾದು ಮಾತ್ರೆ ನುಂಗು.